ಕಾಲುನಡಿಗೆಯಲ್ಲಿ ನಂದಿಗಿರಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಮೊದಲು ಆಡಿದವರು ಯಾರೋ ತಿಳಿಯದು; ಬೆಟ್ಟದ ಬುಡದವರೆಗೂ ನಡೆದುಹೋಗಿ, ಮೇಲೆ ನೋಡಿ, ಒಮ್ಮೆ ನಿಟ್ಟುಸಿರು ಬಿಟ್ಟವರೇ ಇರಬೇಕು. ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟವರಿಗೆ ದೇವನಹಳ್ಳಿ ದಾಟುತ್ತಲೇ ಎಡಗಡೆಯಲ್ಲಿ ನಂದಿಯ ಸಾಲು ತೆಳುವಾದ ನೀಲಿ ಗೆರೆಯಂತೆ ತೋರುತ್ತದೆ. ಅಲ್ಲಿಂದ ಅದು ಎಷ್ಟು ಸೌಮ್ಯ! ಮಗುವೊಂದು ಸ್ಲೇಟಿನ ಮೇಲೆ ಬಳಪದಿಂದ ಎಳೆದ ಗೀಟಿನಂತೆ ಕಾಣುತ್ತದೆ. ಹತ್ತಿರ ಹೋದಂತೆಲ್ಲ ಆ ಗೀಟು ಬಂಡೆಯಾಗುತ್ತದೆ, ಬಂಡೆ ಗೋಡೆಯಾಗುತ್ತದೆ, ಗೋಡೆಯ ತಲೆಯ ಮೇಲೆ ಮತ್ತೊಂದು ಗೋಡೆ, ಮನುಷ್ಯ ಕಟ್ಟಿದ ಕೋಟೆಯದು, ಎದ್ದು ನಿಲ್ಲುತ್ತದೆ.

ನಮ್ಮ ನಗರದ ಕುಟುಂಬಗಳಲ್ಲಿ ನಂದಿಬೆಟ್ಟವನ್ನು ನೋಡದವರು ವಿರಳ. ನಂದಿಬೆಟ್ಟವನ್ನು ಹತ್ತಿದವರು ಇನ್ನೂ ವಿರಳ. ನಡುರಾತ್ರಿ ಮೂರು ಗಂಟೆಗೆ ಗಡಿಯಾರ ಬಡಿಸಿಕೊಂಡು ಎದ್ದು, ನಿದ್ದೆಗಣ್ಣಿನ ಮಕ್ಕಳನ್ನು ಕಾರಿನೊಳಕ್ಕೆ ತುರುಕಿ, ತಿರುವು ತಿರುವಿನಲ್ಲೂ ಮುಂದಿನ ಕಾರಿನ ಕೆಂಪು ದೀಪವನ್ನೇ ದರ್ಶನ ಮಾಡುತ್ತ ಮೇಲೇರಿ, ಮಂಜಿನಲ್ಲಿ ಹತ್ತು ಭಾವಚಿತ್ರ ತೆಗೆಸಿಕೊಂಡು, ಕಾಫಿ ಕುಡಿದು, ಊಟದ ಹೊತ್ತಿಗೆ ಮನೆ ಸೇರುವುದು ರೂಢಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೀಗೆ ಹೋಗಿ ಬಂದವರು ನೆತ್ತಿಯನ್ನು ಕಂಡರೇ ಹೊರತು ಬೆಟ್ಟವನ್ನು ಕಾಣಲಿಲ್ಲ. ಬೆಟ್ಟ ಕಾಣಬೇಕಾದರೆ ಅದರ ಬುಡದ ಊರಿನಿಂದ ಹೊರಟು, ಕಾಡಿನೊಳಗೆ ಹಾದು, ಮತ್ತೊಂದು ಊರಿಗೆ ಇಳಿಯಬೇಕು. ಅದೂ ತನ್ನ ಕಾಲ ಮೇಲೆ. ಅಂಥ ಒಂದು ದಿನದ ನಡಿಗೆಗೆ ಹೇಗೆ ಸಿದ್ಧರಾಗಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ. ಸಿದ್ಧತೆ ಎಂದರೆ ಹೆದರಿಕೆಯಲ್ಲ. ಮದುವೆ ಮನೆಯಲ್ಲಿ ಅಡಿಗೆಯವರಿಗೆ ಮುಂಗಡವಾಗಿ ಎಲೆಗಳ ಲೆಕ್ಕ ಹೇಳುವುದಿಲ್ಲವೇ? ಬೆಟ್ಟಕ್ಕೂ ಒಂದು ಲೆಕ್ಕವುಂಟು.

ದಾರಿ ಯಾವುದು?

ನಮ್ಮ ನಡಿಗೆ ನಂದಿ ಗ್ರಾಮದಲ್ಲಿ ಆರಂಭವಾಗಲಿ. ಚಿಕ್ಕಬಳ್ಳಾಪುರದಿಂದ ಇಲ್ಲಿಗೆ ಬಹು ದೂರವೇನೂ ಇಲ್ಲ. ಬೆಂಗಳೂರಿನಿಂದ ಯಲಹಂಕ, ದೇವನಹಳ್ಳಿಗಳ ಮೇಲೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೆ ಹೋಗುವ ರೈಲು ಮಾರ್ಗದಲ್ಲಿ ‘ನಂದಿ ಹಾಲ್ಟ್’ ಎಂಬ ಪುಟ್ಟ ನಿಲ್ದಾಣವಿದೆ. ಒಂದಾನೊಂದು ಕಾಲದಲ್ಲಿ ಈ ಹಾದಿಯಲ್ಲಿ ಆಟಿಕೆಯಂಥ ಚಿಕ್ಕ ರೈಲು ಓಡುತ್ತಿತ್ತು. ಈಗ ದೊಡ್ಡ ಹಳಿ ಬಂದಿದೆ. ರೈಲಿನ ವೇಳೆ ನಿಮ್ಮ ವೇಳೆಗೆ ಹೊಂದದಿದ್ದರೆ ಚಿಕ್ಕಬಳ್ಳಾಪುರದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿ ರಾತ್ರಿ ತಂಗಿ, ಬೆಳಗ್ಗೆ ಹೊರಡುವುದು ಉತ್ತಮ.

ನಂದಿ ಗ್ರಾಮದಿಂದ ಸುಲ್ತಾನಪೇಟೆ. ಅಲ್ಲಿಂದ ಕಲ್ಲಿನ ಮೆಟ್ಟಿಲುಗಳ ಹಳೆಯ ದಾರಿ ಕಾಡಿನ ನಡುವೆ ಕೋಟೆಯ ಬಾಗಿಲವರೆಗೆ ಏರುತ್ತದೆ. ಮೋಟಾರು ರಸ್ತೆ ಬೇರೆ ಮಗ್ಗುಲಿನಿಂದ ಸುತ್ತಿ ಬರುವುದರಿಂದ, ಈ ಮಗ್ಗುಲಲ್ಲಿ ಹಾರನ್ನಿನ ಸದ್ದು ಕೇಳುವುದು ಅಪರೂಪ. ನೆತ್ತಿಯಲ್ಲಿ ಸುತ್ತಾಡಿ, ಬುತ್ತಿ ಬಿಚ್ಚಿ ಉಂಡು, ಅದೇ ಮೆಟ್ಟಿಲುಗಳಲ್ಲಿ ಇಳಿದು, ಹೊಲಗಳ ನಡುವಿನ ಹಾದಿ ಹಿಡಿದು ಮುದ್ದೇನಹಳ್ಳಿಗೆ ಹೋಗಿ ನಡಿಗೆಯನ್ನು ಮುಗಿಸುವುದು. ಅಲ್ಲಿಂದ ಚಿಕ್ಕಬಳ್ಳಾಪುರ ಹತ್ತಿರ.

ಒಂದು ಮಾತು. ಬೆಟ್ಟದ ಬಾಗಿಲು ತೆರೆಯುವ ವೇಳೆ, ವಾರಾಂತ್ಯದ ನಿಯಮ, ಮೆಟ್ಟಿಲ ದಾರಿ ಆ ದಿನ ತೆರೆದಿದೆಯೇ ಇಲ್ಲವೇ ಎಂಬ ಸಂಗತಿ, ಇವೆಲ್ಲ ಆಗಾಗ ಬದಲಾಗುವಂಥವು. ಹೊರಡುವ ಮುನ್ನಾದಿನ ವಿಚಾರಿಸಿಕೊಳ್ಳಿ. ‘ಹೋಗಿ ನೋಡೋಣ’ ಎಂಬುದು ಸಿನಿಮಾಕ್ಕೆ ಸರಿಯೇ ಹೊರತು ಬೆಟ್ಟಕ್ಕೆ ಸಲ್ಲದು. ಶನಿವಾರ ಭಾನುವಾರಗಳನ್ನು ಬಿಟ್ಟು ಬೇರೆ ದಿನ ದೊರೆತರೆ ಅದು ನಿಮ್ಮ ಭಾಗ್ಯ.

ಕಾಲದ ಲೆಕ್ಕ

ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರು, ಅಂದರೆ ಸುಮಾರು 4,850 ಅಡಿ ಎತ್ತರದಲ್ಲಿದೆ. ಬುಡದ ಬಯಲು ಸುಮಾರು 920 ಮೀಟರಿನ ಆಸುಪಾಸು. ಆದ್ದರಿಂದ ನಿಮ್ಮ ಕಾಲುಗಳು ಎತ್ತಬೇಕಾದ ಎತ್ತರ ಸುಮಾರು 550 ಮೀಟರು, ಇಲ್ಲವೇ 1,800 ಅಡಿ. ಕುತುಬ್ ಮಿನಾರಿನ ಎತ್ತರ ಸುಮಾರು 73 ಮೀಟರು. ಒಂದರ ಮೇಲೊಂದರಂತೆ ಏಳೂವರೆ ಮಿನಾರುಗಳನ್ನು ನಿಲ್ಲಿಸಿ ಏರಿದಂತಾಯಿತು. ಇದನ್ನು ಕೇಳಿ ಎದೆಗುಂದಬೇಕಾದ್ದಿಲ್ಲ. ಆದರೆ ಇದನ್ನು ಮರೆತು ಹೊರಡುವಂತೆಯೂ ಇಲ್ಲ.

ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಪ್ರೇಮಿ 1892ರಲ್ಲಿ ಒಂದು ಸರಳ ಸೂತ್ರವನ್ನು ಹೇಳಿದನು. ನಕ್ಷೆಯ ಮೇಲಿನ ಪ್ರತಿ ಮೂರು ಮೈಲಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಕೆಗೆ ಮತ್ತೊಂದು ಗಂಟೆ. ಇಂದಿಗೂ ಜಗತ್ತಿನ ಬೆಟ್ಟ ಹತ್ತುವವರು ಈ ಸೂತ್ರವನ್ನು ಕೈಬಿಟ್ಟಿಲ್ಲ. ನಮ್ಮ ನಡಿಗೆ, ನೆತ್ತಿಯ ಸುತ್ತಾಟವೂ ಸೇರಿ, ಹದಿನೈದು ಕಿಲೋಮೀಟರು ಎಂದೇ ಹಿಡಿಯೋಣ. ಕಡಿಮೆಯಾದರೆ ಅದು ಲಾಭದ ಬಾಬ್ತು. ಹದಿನೈದು ಕಿಲೋಮೀಟರು ಎಂದರೆ ಒಂಬತ್ತು ಮೈಲಿಗೆ ಸ್ವಲ್ಪ ಹೆಚ್ಚು: ಮೂರು ಗಂಟೆ. 1,800 ಅಡಿ ಏರಿಕೆಗೆ ಸುಮಾರು ಒಂದು ಗಂಟೆ. ಒಟ್ಟು ನಾಲ್ಕು ಗಂಟೆ.

ಆದರೆ ನೇಸ್ಮಿತ್ತನ ಲೆಕ್ಕ ಪಳಗಿದ ಕಾಲುಗಳಿಗೆ, ತಂಪು ನಾಡಿನ ಗಾಳಿಗೆ. ವಾರವೆಲ್ಲ ಕುರ್ಚಿಯಲ್ಲಿ ಕುಳಿತ ಯಜಮಾನರು, ಅಡಿಗೆಮನೆಯಿಂದ ಆಫೀಸಿಗೆ, ಆಫೀಸಿನಿಂದ ಅಡಿಗೆಮನೆಗೆ ಓಡಾಡಿ ದಣಿದ ಗೃಹಿಣಿ, ಓಡುವಾಗ ಓಡಿ ಕೂರುವಾಗ ಕೂತೇಬಿಡುವ ಮಕ್ಕಳು, ಇವರ ಮೆರವಣಿಗೆಗೆ ಆ ಲೆಕ್ಕವನ್ನು ಇಮ್ಮಡಿ ಮಾಡುವುದೇ ವಿವೇಕ. ಎಂಟು ಗಂಟೆ ನಡಿಗೆ, ಒಂದೂವರೆ ಗಂಟೆ ಊಟ ವಿಶ್ರಾಂತಿ. ಬೆಳಗಿನ ಆರೂವರೆಗೆ ನಂದಿ ಗ್ರಾಮ ಬಿಟ್ಟರೆ ಸಂಜೆ ನಾಲ್ಕಕ್ಕೆ ಮುದ್ದೇನಹಳ್ಳಿ. ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ಈ ಸೀಮೆಯಲ್ಲಿ ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ. ಹೀಗೆ ಸುಮಾರು ಎರಡು ಗಂಟೆಯ ಬೆಳಕು ನಿಮ್ಮ ಕೈಯಲ್ಲಿ ಉಳಿಯಿತು. ಈ ಎರಡು ಗಂಟೆ ಖರ್ಚು ಮಾಡುವ ಹಣವಲ್ಲ, ಗಂಟಿನಲ್ಲಿ ಕಟ್ಟಿಟ್ಟ ಹಣ. ಕಾಲು ಉಳುಕಿದರೆ, ಮಗು ಅತ್ತರೆ, ಮಳೆ ಬಂದರೆ ಆಗ ಬಿಚ್ಚತಕ್ಕದ್ದು.

ಕಾಲವೆಂದರೆ ಋತುವೂ ಹೌದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ಈ ನಡಿಗೆಗೆ ಹದವಾದ ಸಮಯ. ಮಾರ್ಚಿಯಿಂದ ಹುಲ್ಲು ಒಣಗಿ, ಬಂಡೆ ಕಾದು, ಕಾಡಿಗೆ ಬೆಂಕಿಯ ಭಯ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲು; ಬೋಳು ನೆತ್ತಿಯ ಮೇಲೆ ಎತ್ತರವಾಗಿ ನಿಂತ ಮನುಷ್ಯನನ್ನು ಸಿಡಿಲು ಆರಿಸಿಕೊಳ್ಳುವುದುಂಟು. ಮಳೆಗಾಲದಲ್ಲಿ ಹಳೆಯ ಮೆಟ್ಟಿಲುಗಳ ಮೇಲೆ ಪಾಚಿ.

ಹಿಂದಿರುಗುವ ಗಂಟೆ

ಯೋಜನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವ ಅಂಶ ಇದು. ಹೊರಡುವ ಗಂಟೆಯನ್ನು ಎಲ್ಲರೂ ಗೊತ್ತುಮಾಡುತ್ತಾರೆ. ಹಿಂದಿರುಗುವ ಗಂಟೆಯನ್ನು ಗೊತ್ತುಮಾಡುವವರು ಕಡಿಮೆ. ಹನ್ನೊಂದು ಗಂಟೆಯ ಒಳಗೆ ಕೋಟೆಯ ಬಾಗಿಲು ಮುಟ್ಟದಿದ್ದರೆ, ಎಲ್ಲಿದ್ದೇವೋ ಅಲ್ಲಿಯೇ ಬುತ್ತಿ ಬಿಚ್ಚಿ ಉಂಡು ಇಳಿಯುವುದು ಎಂದು ಮನೆಯಲ್ಲಿ ಕುಳಿತಾಗಲೇ, ಎಲ್ಲರ ಎದುರಿನಲ್ಲಿ, ನಿಶ್ಚಯಿಸಿ. ಅಲ್ಲಿ, ದಣಿದ ಮೇಲೆ, ನಿಶ್ಚಯಿಸಲು ಹೊರಟರೆ ಆಗುವುದೇ ಬೇರೆ.

“ಇನ್ನೇನು ಬಂತು ಕಣಪ್ಪಾ, ಅದೋ ಗೋಡೆ ಕಾಣುತ್ತಿದೆ” ಎಂದು ತಂದೆ.

“ಅರ್ಧ ಗಂಟೆಯ ಹಿಂದೆಯೂ ಹೀಗೇ ಅಂದಿರಿ” ಎಂದು ತಾಯಿ.

“ನಾನೊಬ್ಬನೇ ಓಡಿಹೋಗಿ ನೋಡಿ ಬರಲೇ ಅಣ್ಣಾ?” ಎಂದು ಹದಿನಾರರ ಮಗ.

ಅಪಾಯವೆಲ್ಲ ಈ ಮೂರನೆಯ ಮಾತಿನಲ್ಲಿದೆ. 2022ರ ಫೆಬ್ರವರಿಯಲ್ಲಿ ನಂದಿಯ ಮಗ್ಗುಲಿನ ಬ್ರಹ್ಮಗಿರಿಯಲ್ಲಿ ಒಬ್ಬಂಟಿಯಾಗಿ ಹತ್ತುತ್ತಿದ್ದ ತರುಣನೊಬ್ಬ ಜಾರಿ ನೂರಾರು ಅಡಿ ಕೆಳಗಿನ ಬಂಡೆಯ ಚಾಚಿನ ಮೇಲೆ ಸಿಕ್ಕಿಬಿದ್ದ. ಕೆಳಗಿನಿಂದ ಹತ್ತಲಾಗದು, ಮೇಲಿನಿಂದ ಇಳಿಯಲಾಗದು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರು ಬಂದು, ಹಗ್ಗ ಇಳಿಬಿಟ್ಟು ಅವನನ್ನು ಎತ್ತಿ ಉಳಿಸಬೇಕಾಯಿತು. ಅವನ ಬಳಿ ದೂರವಾಣಿ ಇದ್ದುದರಿಂದ, ಅದಕ್ಕೆ ಆ ಜಾಗದಲ್ಲಿ ಸಂಪರ್ಕ ಸಿಕ್ಕಿದ್ದರಿಂದ ಬದುಕಿದ. ಇವೆರಡೂ ಎಲ್ಲರಿಗೂ ಎಲ್ಲ ಬಂಡೆಯ ಮೇಲೂ ಒದಗುವ ಅದೃಷ್ಟವಲ್ಲ.

ಬೆಟ್ಟವೂ ಕೆಲವೊಮ್ಮೆ ತಾನೇ ಜಾರುತ್ತದೆ. 2021ರ ಆಗಸ್ಟಿನಲ್ಲಿ ಒಂದು ರಾತ್ರಿಯ ಭಾರಿ ಮಳೆಗೆ ನಂದಿಯ ಇಳಿಜಾರು ಕುಸಿದು, ಬಂಡೆ, ಮರ, ಮಣ್ಣುಗಳು ಒಟ್ಟಿಗೆ ಹರಿದು ಬಂದು ಮೋಟಾರು ರಸ್ತೆಯನ್ನೇ ಕೊಚ್ಚಿಹಾಕಿದವು. ಬೆಟ್ಟ ಮತ್ತೆ ಜನರಿಗೆ ತೆರೆದದ್ದು ಡಿಸೆಂಬರಿನಲ್ಲಿ. ಆದ್ದರಿಂದ ಹಿಂದಿನ ದಿನಗಳಲ್ಲಿ ಜಡಿಮಳೆ ಸುರಿದಿದ್ದರೆ ನಡಿಗೆಯನ್ನು ಮುಂದಿನ ವಾರಕ್ಕೆ ಹಾಕಿ. ಬೆಟ್ಟ ಅಲ್ಲಿಯೇ ಇರುತ್ತದೆ.

ಯಾರು ಯಾರು ಹೊರಡುವುದು?

ನಾಲ್ಕು ಜನಕ್ಕೆ ಕಡಿಮೆ ಬೇಡ. ಹತ್ತು ಜನಕ್ಕೆ ಹೆಚ್ಚೂ ಬೇಡ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಯಲ್ಲಿ ಕೂರಲು, ಇಬ್ಬರು ಸಹಾಯ ಕರೆತರಲು ಇರಬೇಕು ಎಂಬುದು ನಾಲ್ಕರ ಹಿಂದಿನ ಲೆಕ್ಕ. ನಡೆಯುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ಇರಲಿ. ಎಲ್ಲರಿಗಿಂತ ಗಟ್ಟಿಗರು ಹಿಂದೆ. ಸಾಮಾನ್ಯವಾಗಿ ಇದರ ವಿರುದ್ಧವೇ ನಡೆಯುತ್ತದೆ. ಗಟ್ಟಿಗರು ಮುಂದೆ ಹೋಗಿ ಬಂಡೆಯ ಮೇಲೆ ಕೂತು ದಣಿವಾರಿಸಿಕೊಂಡಿರುತ್ತಾರೆ, ಹಿಂದುಳಿದವರು ಏದುಸಿರು ಬಿಡುತ್ತ ಬಂದು ತಲುಪಿದ ಕೂಡಲೇ “ಸರಿ, ಹೊರಡೋಣವೇ?” ಎನ್ನುತ್ತಾರೆ! ಪಾಪ, ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿ ಸಿಗುವುದೇ ಇಲ್ಲ.

ಅಜ್ಜ ಅಜ್ಜಿಯರನ್ನು ಬಿಟ್ಟು ಹೋಗುವುದೇ? ಹಾಗೇನಿಲ್ಲ. ಹೃದಯದ ತೊಂದರೆ, ಏದುಸಿರು, ಮಂಡಿನೋವು ಉಳ್ಳವರು ಮೆಟ್ಟಿಲು ಹತ್ತುವುದು ಬೇಡ. ಅವರು ಮೋಟಾರು ರಸ್ತೆಯಿಂದ ಮೇಲೆ ಬಂದು ಯೋಗನಂದೀಶ್ವರನ ಗುಡಿಯ ಬಳಿ ನಿಮ್ಮನ್ನು ಎದುರುಗೊಳ್ಳಲಿ. ಬುತ್ತಿಯ ದೊಡ್ಡ ಗಂಟು ಅವರ ಕಾರಿನಲ್ಲೇ ಬಂದರೆ ಎರಡು ಪಕ್ಷಕ್ಕೂ ಗೌರವ. ಹತ್ತಿ ಬಂದ ಮೊಮ್ಮಗನಿಗೆ ಅಜ್ಜಿಯ ಕೈಯಿಂದ ಮೊಸರನ್ನ ಸಿಕ್ಕಿದರೆ ಅದಕ್ಕಿಂತ ದೊಡ್ಡ ಪದಕ ಬೇಕೆ?

ಹೊರಡುವ ಒಂದು ತಿಂಗಳ ಮುಂಚಿನಿಂದ ದಿನವೂ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ವಾರಕ್ಕೆ ಮೂರು ದಿನ ಮನೆಯ ಅಥವಾ ಕಚೇರಿಯ ಮೆಟ್ಟಿಲು ಹತ್ತಿ ಇಳಿಯಿರಿ. ಹತ್ತುವುದು ಎದೆಗೆ ಪರೀಕ್ಷೆ, ಇಳಿಯುವುದು ಮಂಡಿಗೆ ಪರೀಕ್ಷೆ. ಮಾರನೆಯ ದಿನ ಕಾಲು ಹಿಡಿದುಕೊಳ್ಳುವುದು ಇಳಿದದ್ದರಿಂದಲೇ ಹೊರತು ಹತ್ತಿದ್ದರಿಂದಲ್ಲ.

ನೀರು, ಬುತ್ತಿ, ಉಡುಪು

ದೊಡ್ಡವರಿಗೆ ತಲಾ ಮೂರು ಲೀಟರು ನೀರು. ಇದು ಭಾರವೇ, ಆದರೆ ಗಂಟೆ ಗಂಟೆಗೂ ಹಗುರಾಗುವ ಭಾರ. ದಾರಿಯಲ್ಲಿ ಹೊಂಡವೋ ತೊರೆಯೋ ಸಿಕ್ಕೀತೆಂದು ನಂಬಬೇಡಿ. ಬುಡದಲ್ಲಿ ಕೆರೆಗಳಿವೆ. ಆದರೆ ಈ ಜಿಲ್ಲೆಯ ಹಲವು ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸಲಾಗಿದೆ. ಅಂತರ್ಜಲಕ್ಕೆ ಆಸರೆಯಾಗಲಿ ಎಂದು ತುಂಬಿಸಿದ ನೀರು ಅದು, ಬೊಗಸೆಯಲ್ಲಿ ಎತ್ತಿ ಕುಡಿಯುವುದಕ್ಕಲ್ಲ.

ಬುತ್ತಿಗೆ ನಮ್ಮ ಹಿರಿಯರ ಪಟ್ಟಿಯನ್ನು ಮೀರಿಸಿದ ಪಟ್ಟಿ ಇನ್ನೂ ಬಂದಿಲ್ಲ. ಹುಳಿಯನ್ನ ಸಂಜೆಯವರೆಗೂ ಕೆಡದು. ಈ ಸೀಮೆಯ ರಾಗಿರೊಟ್ಟಿಗೆ ಚಟ್ನಿಪುಡಿ ಹಚ್ಚಿ ಮಡಿಸಿಟ್ಟರೆ ಮಧ್ಯಾಹ್ನದ ಊಟ. ನಡುನಡುವೆ ಬಾಯಿಗೆ ಹಾಕಿಕೊಳ್ಳಲು ಹುರಿದ ಕಡಲೆಕಾಯಿ, ಹುರಿಗಡಲೆ, ಒಂದು ಅಚ್ಚು ಬೆಲ್ಲ. ಬೆವರಿನಲ್ಲಿ ಹೋದ ಉಪ್ಪು ಮರಳಿ ಬರಲು ಒಂದು ಸೀಸೆಯಲ್ಲಿ ಉಪ್ಪು ಸಕ್ಕರೆ ಬೆರೆಸಿದ ನಿಂಬೆಯ ಪಾನಕ. ಹೊಟ್ಟೆ ಬಿರಿಯ ತಿಂದು ಹತ್ತಬೇಡಿ. ಗಂಟೆಗೊಮ್ಮೆ ಹಿಡಿಯಷ್ಟು ತಿನ್ನಿ. ನೆತ್ತಿಯಲ್ಲಿ ಕೋತಿಗಳ ಕಾಟವುಂಟು. ಚರಚರ ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಅವುಗಳಿಗೆ ಊಟದ ಗಂಟೆ ಬಾರಿಸಿದಂತೆ. ಡಬ್ಬಿ ಚೀಲದೊಳಗೇ ಇರಲಿ. ಎಂಜಲು, ಕಾಗದ, ಸಿಪ್ಪೆ ಎಲ್ಲವೂ ನಿಮ್ಮೊಡನೆಯೇ ಇಳಿಯಬೇಕು.

ಉಡುಪು ಹತ್ತಿಯದು, ತೋಳು ಮುಚ್ಚುವಂಥದು. ಹೊಸ ಬೂಟು ಬೇಡ. ಒಂದು ತಿಂಗಳಾದರೂ ಕಾಲಿಗೆ ಪಳಗಿದ, ತಳ ಸವೆಯದ ಬೂಟು ಬೇಕು. ಎತ್ತರಕ್ಕೆ ಏರಿದಂತೆ ಪ್ರತಿ ನೂರು ಮೀಟರಿಗೆ ಅರ್ಧ ಡಿಗ್ರಿಗೂ ಮಿಗಿಲಾಗಿ ಚಳಿ ಹೆಚ್ಚುತ್ತದೆ. ಬುಡಕ್ಕಿಂತ ನೆತ್ತಿ ಮೂರು ಮೂರೂವರೆ ಡಿಗ್ರಿ ತಣ್ಣಗಿರುತ್ತದೆ, ಗಾಳಿಯ ಚಳಿ ಬೇರೆ. ಬೆವರಿದ ಮೈಗೆ ಹೊದೆಯಲು ಒಂದು ಸ್ವೆಟರು ಚೀಲದಲ್ಲಿರಲಿ. ಟಾರ್ಚು, ಬ್ಯಾಂಡೇಜು, ಒಂದು ಸೀಟಿ, ಪೂರ್ತಿ ತುಂಬಿಸಿದ ಮೊಬೈಲು, ಇಷ್ಟಿದ್ದರೆ ಸಾಕು. ಆಪತ್ತಿಗೆ ಕರೆಯಬೇಕಾದ ಸಂಖ್ಯೆ 112; ಮಕ್ಕಳಿಗೂ ಬಾಯಿಪಾಠವಾಗಿರಲಿ.

ಬಂಡೆಗಳ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಕೂಗಾಟ, ಸುಗಂಧದ ಲೇಪ ಮೂರೂ ಬೇಡ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಇವೆಲ್ಲ ಹಳೆಯ ತಪ್ಪುಗಳು. ಕಚ್ಚಿದ ಅಂಗವನ್ನು ಅಲುಗಿಸದೆ ಆದಷ್ಟು ಬೇಗ ಆಸ್ಪತ್ರೆಗೆ ಒಯ್ಯುವುದೊಂದೇ ಮಾರ್ಗ.

ಬುಡದಿಂದ ನೆತ್ತಿಗೆ

ಇಷ್ಟೆಲ್ಲ ಸಿದ್ಧತೆ ಯಾವುದಕ್ಕಾಗಿ? ದಾರಿಯಲ್ಲಿ ದೊರೆಯುವುದೇನು? ಅದನ್ನೂ ಹೇಳಬೇಕಷ್ಟೆ.

ನಂದಿ ಗ್ರಾಮದಲ್ಲಿ ಮೊದಲ ದರ್ಶನ ಭೋಗನಂದೀಶ್ವರನದು. ಒಂಬತ್ತನೆಯ ಶತಮಾನದ ಆರಂಭಕ್ಕೆ ಸೇರಿದ ಶಾಸನಗಳು ಈ ಗುಡಿಯ ಪ್ರಾಚೀನತೆಯನ್ನು ಸಾರುತ್ತವೆ. ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಇಲ್ಲಿ ಕೈಯಾಡಿಸಿದ್ದಾರೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರರ ಜೋಡಿ ಗುಡಿಗಳು, ನಡುವೆ ಉಮಾಮಹೇಶ್ವರ, ಅದರ ಮುಂದೆ ಕಗ್ಗಲ್ಲಿನ ಕಲ್ಯಾಣಮಂಟಪ. ಬುಡದಲ್ಲಿ ಭೋಗ, ನೆತ್ತಿಯಲ್ಲಿ ಯೋಗ! ಬುಡದ ಈಶ್ವರ ಸಂಸಾರಿ, ನೆತ್ತಿಯ ಈಶ್ವರ ವಿರಾಗಿ. ನಡುವಣ ಮೆಟ್ಟಿಲುಗಳನ್ನು ಏದುಸಿರಿನಿಂದ ಹತ್ತಿದವರಿಗೆ ಈ ಹೆಸರುಗಳ ಅರ್ಥ ವ್ಯಾಖ್ಯಾನವಿಲ್ಲದೆಯೇ ಹೊಳೆಯುತ್ತದೆ.

ಸುಲ್ತಾನಪೇಟೆಯಲ್ಲಿ ಯಾರಾದರೂ “ಯಾಕ್ ಸ್ವಾಮೀ, ಕಾರು ಕೆಟ್ಟೋಯ್ತಾ?” ಎಂದು ಕೇಳಿದರೆ ಬೇಸರಿಸಬೇಡಿ. ಹತ್ತಲು ರಸ್ತೆಯಿರುವಾಗ ಮೆಟ್ಟಿಲು ಹಿಡಿದವರನ್ನು ಕಂಡರೆ ಅವರಿಗೆ ನಗು ಬರುವುದು ಸಹಜ. ಅವರೊಡನೆ ಎರಡು ಮಾತಾಡಿ. ಮೇಲೆ ಮಂಜು ಎಷ್ಟು ಹೊತ್ತಿಗೆ ಕರಗುತ್ತದೆ, ನಿನ್ನೆ ಯಾರು ಇಳಿದು ಬಂದರು, ಚಿರತೆಯ ಸುಳಿವೇನಾದರೂ ಉಂಟೆ, ಎಲ್ಲವನ್ನೂ ಯಾವ ನಕ್ಷೆಗಿಂತಲೂ ಚೆನ್ನಾಗಿ ಅವರು ಬಲ್ಲರು. ನೀವು ಹತ್ತುತ್ತಿರುವ ಸಂಗತಿಯೂ ಅವರಲ್ಲೊಬ್ಬರಿಗೆ ತಿಳಿದಿರುವುದು ಒಳ್ಳೆಯದು.

ಮೆಟ್ಟಿಲುಗಳ ಮೊದಲ ಭಾಗದಲ್ಲಿ ಕುರುಚಲು ಕಾಡು: ಮುಳ್ಳು, ಲಂಟಾನ, ಬಂಡೆಯ ಬಿರುಕಿನಲ್ಲಿ ಬೇರೂರಿದ ಗೋಣಿಮರ. ಹಳದಿ ಕೊರಳಿನ ಪಿಕಳಾರವೊಂದು ಇಂಥ ಬಂಡೆಗಾಡುಗಳಲ್ಲೇ ಬದುಕುವ ಹಕ್ಕಿ. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೆತ್ತಿ ಸಮೀಪಿಸಿದಂತೆ ಕಾಡಿನ ಬಣ್ಣವೇ ಬೇರೆ. ಬಯಲಿನ ಬಿಸಿಗಾಳಿ ಮೇಲೇರಿ ತಣ್ಣಗಾಗಿ ಮೋಡವಾಗುತ್ತದೆ. ಆ ಮೋಡವನ್ನು ಮರಗಳು ಹಿಡಿದು ನಿಲ್ಲಿಸುತ್ತವೆ. ಮರದ ಮೈಯೆಲ್ಲ ಹಾವಸೆ. ಮಲೆನಾಡಿನ ಒಂದು ತುಣುಕು ದಾರಿ ತಪ್ಪಿ ಬಯಲುಸೀಮೆಗೆ ಬಂದು ಬೆಟ್ಟದ ಮೇಲೆ ಅಡಗಿ ಕುಳಿತಂತಿದೆ. ಪಶ್ಚಿಮಘಟ್ಟದ ವಾಸಿಯಾದ ನೀಲಗಿರಿ ಕಾಡುಪಾರಿವಾಳ ಈ ಪುಟ್ಟ ಕಾಡನ್ನು ಹುಡುಕಿಕೊಂಡು ಬಂದಿರುವುದು ಅದಕ್ಕೇ. ಕಾರಿನಲ್ಲಿ ಬಂದವರಿಗೆ ಮಂಜು ಕಾಣುತ್ತದೆ. ನಡೆದು ಬಂದವರಿಗೆ ಆ ಮಂಜು ಎಲ್ಲಿಂದ ಮೊದಲಾಯಿತೆಂಬುದೂ ಕಾಣುತ್ತದೆ.

ಕೋಟೆಯ ಗೋಡೆಯನ್ನು ಕೆಳಗಿನಿಂದ ನೋಡಿದಾಗಲೇ ಅದರ ಅರ್ಥ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದಿಂದ ಬಂದ ಈ ದುರ್ಗವನ್ನು ಹೈದರ್ ಮತ್ತು ಟಿಪ್ಪು ಬಲಪಡಿಸಿದರು. ಅಭೇದ್ಯವೆಂದು ಹೆಸರಾಗಿದ್ದುದನ್ನು ಮೂರನೆಯ ಮೈಸೂರು ಯುದ್ಧದಲ್ಲಿ, ಕೆಲವು ವಾರಗಳ ಮುತ್ತಿಗೆಯ ನಂತರ, 1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಮೆಟ್ಟಿಲ ಮೇಲೆ ಬೆನ್ನಿಗೊಂದು ಚೀಲ ಹೊತ್ತು ಸುಸ್ತಾದವರು, ಈ ಇಳಿಜಾರಿನಲ್ಲಿ ಫಿರಂಗಿ ಎಳೆದವರನ್ನೂ ಮೇಲಿನಿಂದ ಕಲ್ಲುರುಳಿಸಿದವರನ್ನೂ ಒಂದು ಕ್ಷಣ ನೆನೆಯಬಹುದು. ಅದೇ ಬೆಟ್ಟ ಮುಂದೆ ಕಬ್ಬನ್ ಸಾಹೇಬರ ಬೇಸಗೆಯ ಬೀಡಾಯಿತು. 1927ರಲ್ಲಿ, ಮತ್ತೆ 1936ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಣೆಗಾಗಿ ಬಂದು ತಂಗಿದ್ದರು. ಯುದ್ಧಕ್ಕೆ ಕಟ್ಟಿದ ಗೋಡೆಯೊಳಗೆ ಅಹಿಂಸೆಯ ವ್ರತಿ ವಿಶ್ರಮಿಸಿದ್ದು ಚರಿತ್ರೆಯ ವಿನೋದಗಳಲ್ಲೊಂದು.

ಒಂದು ಹನಿಗೆ ಮೂರು ದಾರಿ

ನೆತ್ತಿಯಲ್ಲಿ ನಿಂತು ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ: ಇಲ್ಲಿ ಬಿದ್ದ ಮಳೆಯ ಹನಿ ಎಲ್ಲಿಗೆ ಹೋಗುತ್ತದೆ? ಈ ಸಾಲಿನಲ್ಲಿ ಅರ್ಕಾವತಿಯ ಕಡೆಗೆ ಬಿದ್ದರೆ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚೆನ್ನಕೇಶವ ಬೆಟ್ಟದ ಮಗ್ಗುಲಲ್ಲಿ ಬಿದ್ದರೆ ಉತ್ತರ ಪಿನಾಕಿನಿಯಾಗಿ ಗೌರಿಬಿದನೂರನ್ನು ಹಾದು, ಆಂಧ್ರದ ಬಯಲುಗಳನ್ನು ದಾಟಿ ನೆಲ್ಲೂರಿನ ಸೀಮೆಯಲ್ಲಿ ಕಡಲು ಕಾಣುತ್ತದೆ. ದಕ್ಷಿಣ ಪಿನಾಕಿನಿಯ ಪಾಲಾದರೆ ಹೊಸಕೋಟೆಯ ಮೇಲೆ ತಮಿಳುನಾಡಿಗೆ ಹೋಗಿ ಕಡಲೂರಿನ ಬಳಿ ಸಮುದ್ರ. ಚಿತ್ರಾವತಿಯೂ ಈ ಸುತ್ತಿನದೇ. ಪಾಲಾರ್ ನದಿಯ ಹುಟ್ಟೂ ಇದೇ ಜಿಲ್ಲೆಯಲ್ಲಿ. ಒಂದೇ ಬೆಟ್ಟಸಾಲು ಮೂರು ರಾಜ್ಯಗಳಿಗೆ ನೀರೆರೆದ ತಾಯಿ.

ಹಾಗಾದರೆ ಕೆಳಗೆ ನೀರೆಲ್ಲಿ? ಕಣ್ಣು ಹಾಯಿಸಿ. ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆಯ ಹಸಿರು, ಅದರ ಸೊಪ್ಪು ಮೇಯ್ದ ಹುಳುವಿನ ಗೂಡಿಗಾಗಿ ಶಿಡ್ಲಘಟ್ಟದ ಮಾರುಕಟ್ಟೆ, ಇಷ್ಟೆಲ್ಲ ಬದುಕು ಆಳದ ಕೊಳವೆಬಾವಿಯ ಮೇಲೆ ನಿಂತಿದೆ. ನದಿಗಳ ತೌರುಮನೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ತಾಯಿಗೆ ಬಾಯಾರಿದೆ, ನಗರ ಬಳಸಿ ಶುದ್ಧಿಮಾಡಿ ಕಳಿಸಿದ ನೀರಿನಿಂದ ಅವಳ ಕೆರೆ ತುಂಬುತ್ತಿದೆ. ಬೆಟ್ಟದ ಮೇಲಿನ ಕಾಡು ಮೋಡವನ್ನು ಹಿಡಿದು, ಮಣ್ಣನ್ನು ಬಿಗಿದು, ಮಳೆಯನ್ನು ಮೆಲ್ಲಗೆ ಇಳಿಬಿಡುವ ಕೆಲಸ ಮಾಡುತ್ತದೆ. ಅದು ತೆಳುವಾದಷ್ಟೂ ಕೆಳಗಿನ ಬಾವಿಗೆ ಇಳಿಯುವ ನೀರು ಕಡಿಮೆ. ಬೆಟ್ಟಕ್ಕೆ ರೋಪ್‌ವೇ ಕಟ್ಟಲು 2023ರ ಮಾರ್ಚಿಯಲ್ಲಿ ಶಂಕುಸ್ಥಾಪನೆ ಆಯಿತು. ಜನ ಹೇಗೆ ಬರಬೇಕೆಂಬ ವಾದ ನಡೆಯಲಿ. ಎಷ್ಟು ಜನ ಬಂದರೆ ಕಾಡು ತಾಳೀತು ಎಂಬ ಪ್ರಶ್ನೆಯನ್ನು ಮಾತ್ರ, ಮೇಲೆ ಬಂದ ಪ್ರತಿಯೊಬ್ಬನೂ ತನಗೆ ತಾನೇ ಹಾಕಿಕೊಳ್ಳತಕ್ಕದ್ದು.

ಬೇರೆ ಬೆಟ್ಟಗಳೂ ಉಂಟು

ಈ ನಡಿಗೆ ಒಗ್ಗಿದವರಿಗೆ ಆಸುಪಾಸಿನಲ್ಲಿ ಮುಂದಿನ ತರಗತಿಗಳು ಕಾದಿವೆ. ಚಿಕ್ಕಬಳ್ಳಾಪುರಕ್ಕೆ ಮೂರು ಕಿಲೋಮೀಟರಿನ ಕಳವಾರ ಗ್ರಾಮದ ಪಾಪಾಗ್ನಿ ಮಠದಿಂದ ಏರುವ ಸ್ಕಂದಗಿರಿ ನಂದಿಗಿಂತ ಕಠಿಣ. ಅಲ್ಲಿ ಸಾಲುಮೆಟ್ಟಿಲುಗಳ ಉಪಚಾರವಿಲ್ಲ, ಬಂಡೆಯೇ ದಾರಿ. ಹೋಗಿಬರಲು ಸುಮಾರು ಎಂಟು ಕಿಲೋಮೀಟರು. ಅರಣ್ಯ ಇಲಾಖೆಯಿಂದ ಮುಂಗಡವಾಗಿ ಅನುಮತಿ ಪಡೆದೇ ಹೋಗಬೇಕು; ರಾತ್ರಿಯ ಹತ್ತುವಿಕೆಗೆ ಅವಕಾಶವಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯಂತೆ ಜನ ನುಗ್ಗಿದ ಮೇಲೆ ಸರ್ಕಾರ ಇಂಥ ಕಾಡುದಾರಿಗಳಿಗೆ ಮುಂಗಡ ನೋಂದಣಿಯನ್ನು ಬಿಗಿಗೊಳಿಸಿತು. ಇದನ್ನು ಕಿರುಕುಳವೆಂದು ಬಗೆಯಬೇಡಿ. ಚೀಟಿಯಲ್ಲಿ ನಿಮ್ಮ ಹೆಸರಿದ್ದರೆ, ಸಂಜೆ ನೀವು ಇಳಿಯದಿದ್ದಾಗ ಹುಡುಕುವವರೊಬ್ಬರು ಇರುತ್ತಾರೆ.

ಚಿಂತಾಮಣಿಯ ಕಡೆಗೆ ಕೈವಾರದ ಬೆಟ್ಟ; ತಾತಯ್ಯನವರ ಊರು, ಬಕಾಸುರನ ಕಥೆಯನ್ನು ಬೆಟ್ಟಕ್ಕೇ ಕಟ್ಟಿದ ಊರು. ಅದೇ ಸೀಮೆಯಲ್ಲಿ ಅಂಬಾಜಿದುರ್ಗ. ಗೌರಿಬಿದನೂರಿನ ದಿಕ್ಕಿಗೆ, ಲಕ್ಷ್ಮೀನರಸಿಂಹನ ಗುಡಿಯುಳ್ಳ ಆವಲಬೆಟ್ಟ. ಅಲ್ಲಿನ ಚಾಚುಬಂಡೆಯ ತುದಿಯಲ್ಲಿ ಭಾವಚಿತ್ರಕ್ಕಾಗಿ ನಿಲ್ಲುವ ಚಟ ಮಾತ್ರ ಬೇಡ. ಒಂದೊಂದು ಚಳಿಗಾಲಕ್ಕೆ ಒಂದೊಂದು ಬೆಟ್ಟವೆಂದರೂ ಮಕ್ಕಳು ದೊಡ್ಡವರಾಗುವವರೆಗೆ ಸಾಲುವಷ್ಟಿವೆ.

ಇಳಿದ ಮೇಲೆ

ನಂದಿಯಿಂದ ಇಳಿದು ಹೊಲದ ಹಾದಿಯಲ್ಲಿ ಮುದ್ದೇನಹಳ್ಳಿಗೆ ಬಂದಾಗ ಬೆನ್ನಿಗೆ ನಂದಿ, ಎದುರಿಗೆ ಸ್ಕಂದಗಿರಿ. ಈ ಎರಡು ಬೆಟ್ಟಗಳ ನಡುವಿನ ಪುಟ್ಟ ಊರಿನಲ್ಲಿ ಹುಟ್ಟಿದ ಬಾಲಕನೊಬ್ಬ ಮುಂದೆ ಕೃಷ್ಣರಾಜಸಾಗರದ ಕಟ್ಟೆಯನ್ನು ಕಣ್ಣಮುಂದೆ ಕಂಡ. ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯ ವಸ್ತುಸಂಗ್ರಹವೂ ಸಮಾಧಿಯೂ ಇಲ್ಲಿಯೇ ಇವೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವೇ ಇಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ಯೋಜನೆಯಿಲ್ಲದೆ ಹೆಜ್ಜೆಯಿಡಬಾರದೆಂದು ಜೀವನವಿಡೀ ಸಾರಿದವರ ಊರಿನಲ್ಲಿ, ಯೋಜಿಸಿದ ವೇಳೆಗೆ, ಯೋಜಿಸಿದ ದಾರಿಯಲ್ಲಿ ಬಂದು ನಿಲ್ಲುವುದರಲ್ಲಿ ಒಂದು ಔಚಿತ್ಯವುಂಟು.

ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ, ಮಂಡಿಗೆ ಸ್ವಲ್ಪ ಎಣ್ಣೆ, ಬೇಗನೆ ನಿದ್ದೆ. ಮಲಗುವ ಮುಂಚೆ ಒಂದು ಪುಟ್ಟ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡಿ: ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ಯಾರು ದಣಿದರು, ನೀರು ಎಷ್ಟು ಮಿಕ್ಕಿತು, ಯಾವ ಹೊತ್ತಿಗೆ ಇಳಿದೆವು. ಮುಂದಿನ ಬೆಟ್ಟಕ್ಕೆ ಆ ನಾಲ್ಕು ಸಾಲುಗಳಿಗಿಂತ ಒಳ್ಳೆಯ ಕೈಪಿಡಿಯನ್ನು ಯಾರೂ ನಿಮಗೆ ಬರೆದುಕೊಡಲಾರರು.